ಎಡಗೈ ಪಿಚರ್ ಮತ್ತು ನಾನು ಬರೆದ ವರದಿ

ಸ್ಯಾನ್ ಮಟಿಯೋದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಓದಿ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದವಳು. ಇಲ್ಲಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿ, ಎರಡನೇ ಸಲಕ್ಕೆ ಪಾಸಾಗಿ ಲೈಸೆನ್ಸು ಪಡೆದಿದ್ದೆ. ಆ ಫೇಲಾದದ್ದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಯಾವ ಕಾಗದಕ್ಕೆ ಸಹಿ ಹಾಕುವಾಗಲೂ ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ನನ್ನ ಪೇಷೆಂಟುಗಳೆಂದರೆ ಸೊಂಟ ಹಿಡಿದುಕೊಂಡ ಆಫೀಸಿನವರು, ಮಂಡಿನೋವಿನ ಅಜ್ಜಿಯರು, ಫ್ರೀವೇಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಕತ್ತು ಉಳುಕಿಸಿಕೊಂಡವರು. ಜುಲೈ ಕೊನೆಯ ಒಂದು ಬೆಳಿಗ್ಗೆ, ಬಾಗಿಲಲ್ಲಿ ಸ್ವಲ್ಪ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದ ಒಬ್ಬರು ಎಡಗೈಯನ್ನು ಬಟ್ಟೆಯ ಜೋಲಿಯಲ್ಲಿ ಹಾಕಿಕೊಂಡು ಬಂದರು. ವಯಸ್ಸು ಮೂವತ್ತಮೂರು. ಭುಜದ ಕೀಲಿನ ಸ್ನಾಯು ಹರಿದು, ಐದು ವಾರದ ಹಿಂದೆ ಆಪರೇಷನ್ ಆಗಿತ್ತು. ಫಾರಮ್ಮಿನಲ್ಲಿ ಉದ್ಯೋಗ ಅನ್ನುವ ಕಡೆ 'ರಿಲೀಫ್ ಪಿಚರ್' ಎಂದು ಬಲಗೈಯಲ್ಲಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ವಕ್ರವಕ್ರವಾಗಿ ಬರೆದಿದ್ದರು. ನನಗೆ ಗೊತ್ತಿದ್ದ ಪಿಚರ್ ಅಂದರೆ ನೀರಿನ ಹೂಜಿ, ರಿಲೀಫ್ ಅಂದರೆ ನೆರೆ ಬಂದಾಗ ಸರ್ಕಾರ ಕೊಡುವುದು. ಅವೆರಡು ಸೇರಿ ಒಬ್ಬ ಮನುಷ್ಯನ ಕಸುಬು ಹೇಗಾಗುತ್ತದೆಂದು ತಿಳಿಯದೆ, ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಫಾರಮ್ಮನ್ನು ಫೈಲಿಗೆ ಸೇರಿಸಿದೆ.

ಮೂರನೆಯ ಸಲ ಬಂದಾಗ ಕೇಳಿದೆ. ಭುಜದ ಮೇಲೆ ಬಿಸಿ ಪ್ಯಾಕು ಇಟ್ಟು ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕಾದ ಹೊತ್ತು ಅದು. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್, ಕ್ರಿಕೆಟ್ಟಿನ ಬೋಲರ್ ಇದ್ದ ಹಾಗೆ ಎಂದು ಅವರು ಶುರು ಮಾಡಿದರು. ಮೊದಲು ಎಸೆಯಲು ನಿಂತವನು ದಣಿದರೆ, ಇಲ್ಲ ಹೊಡೆಸಿಕೊಳ್ಳತೊಡಗಿದರೆ, ಅವನನ್ನು ತೆಗೆದು ಇನ್ನೊಬ್ಬನನ್ನು ಕಳಿಸುತ್ತಾರೆ. ಆ ಇನ್ನೊಬ್ಬ ತಾನು. ಹದಿನೆಂಟಕ್ಕೆ ಆಟಕ್ಕೆ ಸೇರಿ, ಏಳು ವರ್ಷ ಸಣ್ಣ ಊರುಗಳ ಸಣ್ಣ ತಂಡಗಳಲ್ಲಿ ಬಸ್ಸಿನಲ್ಲಿ ಓಡಾಡಿ, ಆಮೇಲೆ ದೊಡ್ಡ ಲೀಗಿಗೆ ಬಂದಿದ್ದರು. ಅಲ್ಲಿ ಎಂಟು ವರ್ಷ, ಮೂರು ತಂಡ. ಈಗಿನ ತಂಡ ಪೂರ್ವ ತೀರದ್ದು. ಮನೆ ಮಾತ್ರ ಇಲ್ಲಿ. ಆ ಎಂಟು ವರ್ಷದಲ್ಲಿ ಒಂದು ದಿನವೂ ಅವರು ಆಟ ಶುರು ಮಾಡಿದವರಲ್ಲ. ಎಡಗೈಯವನ ಎಸೆತ ಎಡಗೈಯವನಿಗೇ ಹೊಡೆಯಲು ಕಷ್ಟವೆಂದು, ಕೆಲವು ದಿನ ಎಡಗೈ ಬ್ಯಾಟ್ಸ್‌ಮನ್ ಒಬ್ಬನಿಗೋಸ್ಕರ ಕರೆಸಿ, ಅವನು ಔಟಾದ ಕೂಡಲೇ ಇವರನ್ನೂ ವಾಪಸು ಕಳಿಸುತ್ತಿದ್ದರು.

ಮೈದಾನದ ಅಂಚಿನಲ್ಲಿ ಬೇಲಿ ಹಾಕಿದ ಒಂದು ಜಾಗ, ಅಲ್ಲೊಂದು ಬೆಂಚು, ಗೋಡೆಗೆ ಒಂದು ಫೋನು. ಫೋನು ಬಂದರೆ ಎದ್ದು ಮೂವತ್ತು ಸಲ ಚೆಂಡೆಸೆದು ಕೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಬೇಡ ಅನ್ನುತ್ತಾರೆ, ಕೂರಬೇಕು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು, ಮತ್ತೆ ಮೂವತ್ತು.

"ಮರುದಿನ ಪೇಪರ್ ನೋಡಿದ್ರೆ ನಾನು ಆಡಲೇ ಇಲ್ಲ ಅಂತ ಇರುತ್ತೆ," ಅಂದರು. "ಆಡಿದ್ದು ಈ ಭುಜಕ್ಕೆ ಮಾತ್ರ ಗೊತ್ತು."

ಅವತ್ತಿನಿಂದ ಆ ಭುಜ ನನಗೆ ಬರೀ ಒಂದು ಕೇಸಾಗಿ ಉಳಿಯಲಿಲ್ಲ.

ವಾರಕ್ಕೆ ಮೂರು ದಿನ ಬರುತ್ತಿದ್ದರು. ಅವರಷ್ಟು ಶಿಸ್ತಿನ ಪೇಷೆಂಟನ್ನು ನಾನು ಮತ್ತೆ ನೋಡಿಲ್ಲ. ಹತ್ತು ಸಲ ಮಾಡಿ ಅಂದದ್ದನ್ನು ಹತ್ತೇ ಸಲ ಮಾಡುತ್ತಿದ್ದರು, ಹನ್ನೊಂದಲ್ಲ. ಹೆಚ್ಚು ಮಾಡಿ ಕೆಡಿಸಿಕೊಂಡ ಜೊತೆಗಾರರನ್ನು ನೋಡಿದ್ದರಂತೆ. ಗೋಡೆಯ ಮೇಲೆ ಬೆರಳು ನಡೆಸುವುದು, ರಾಟೆಯ ಹಗ್ಗ ಎಳೆಯುವುದು, ಮಲಗಿ ಸಣ್ಣ ತೂಕ ಎತ್ತುವುದು. ಅಷ್ಟು ದೊಡ್ಡ ಆಳು ಅರ್ಧ ಕಿಲೋ ತೂಕ ಎತ್ತಿ ಬೆವರುವುದನ್ನು ನೋಡಿದರೆ ನನಗೆ ಬೇರೆ ಕಡೆ ತಿರುಗಿಕೊಳ್ಳೋಣ ಅನ್ನಿಸುತ್ತಿತ್ತು.

ಆ ಸೆಪ್ಟೆಂಬರಿನಲ್ಲಿ ಹಾಸನದಿಂದ ನಮ್ಮ ಅತ್ತೆ ಬಂದರು. ಇವರು, ಅಂದರೆ ನನ್ನ ಗಂಡ, ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಕೂತು ಬೇಜಾರಾಗುತ್ತದೆಂದು ಅತ್ತೆ ಕೆಲವು ದಿನ ನನ್ನ ಜೊತೆ ಕ್ಲಿನಿಕ್ಕಿಗೇ ಬಂದುಬಿಡುತ್ತಿದ್ದರು. ಸೀರೆಯ ಮೇಲೆ ಇವರ ಹಳೇ ಸ್ವೆಟರ್ ಹಾಕಿಕೊಂಡು ಮುಂದಿನ ರೂಮಿನಲ್ಲಿ ಕೂತು, ಬಂದುಹೋಗುವವರನ್ನೆಲ್ಲ ಗಮನಿಸುವರು. ಪಿಚರ್ ಬಂದರೆ ಕನ್ನಡದಲ್ಲೇ "ಹೇಗಿದೆಯಪ್ಪಾ ನೋವು?" ಅನ್ನುವರು, ಅವರು ಇಂಗ್ಲಿಷಿನಲ್ಲಿ ಏನೋ ಹೇಳುವರು, ಇಬ್ಬರೂ ತಲೆಯಾಡಿಸುವರು. ಅವನ ಕೆಲಸ ಏನು ಎಂದು ಅತ್ತೆ ಕೇಳಿದಾಗ, ಯಾವಾಗ ಕರೆಯುತ್ತಾರೋ ಎಂದು ಕಾಯುತ್ತಾ ಕೂರುವುದು, ಕರೆದಾಗ ಹೋಗಿ ನಾಲ್ಕು ಚೆಂಡು ಎಸೆಯುವುದು ಅಂದೆ. "ಪಾಪ, ಕೂತೂ ಕೂತೂ ಕೈ ಹಿಡ್ಕೊಂಡಿರ್ಬೇಕು," ಅಂದರು.

ಒಂದು ಭಾನುವಾರ ನಾವು ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಟಾಗ ಅತ್ತೆ ಆ ಹುಡುಗನ ಹೆಸರಲ್ಲಿ ಅರ್ಚನೆ ಮಾಡಿಸಬೇಕೆಂದರು. ನಕ್ಷತ್ರ ಗೊತ್ತಿಲ್ಲವಲ್ಲ ಅಂದರೆ, ಹುಟ್ಟಿದ ತಾರೀಖು ನಿನ್ನ ಫೈಲಿನಲ್ಲಿ ಇರುತ್ತಲ್ಲ ಅಂತ ನನಗೇ ಹೇಳಿದರು. ಪೇಷೆಂಟಿನ ಫೈಲಿನಲ್ಲಿರುವುದನ್ನು ಹೊರಗೆ ಹೇಳುವ ಹಾಗಿಲ್ಲ ಎಂದು ವಿವರಿಸಿದೆ. ದೇವರ ಹತ್ತಿರ ಹೇಳೋದಕ್ಕೂ ನಿಮ್ಮ ಅಮೆರಿಕಾದಲ್ಲಿ ರೂಲ್ಸಾ ಎಂದು ಬೇಸರ ಮಾಡಿಕೊಂಡು, ನಕ್ಷತ್ರವಿಲ್ಲದೆಯೇ ಸಂಕಲ್ಪ ಮಾಡಿಸಿ, ಪ್ರಸಾದದ ಕಲ್ಲುಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ತಂದು ಮರುದಿನ ಅವರ ಕೈಗಿಟ್ಟರು. ಅವರು ಅದೇನೆಂದು ಕೇಳದೆ ಬಾಯಿಗೆ ಹಾಕಿಕೊಂಡರು.

ಡಿಸೆಂಬರಿನ ಹೊತ್ತಿಗೆ ಕೈ ತಲೆಯ ಮೇಲಕ್ಕೆ ಸಲೀಸಾಗಿ ಹೋಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹೂಗುಚ್ಛ ಕೊಟ್ಟು ಕಳಿಸಬಹುದಿತ್ತು. ಆದರೆ ಪಿಚರ್‌ನ ಕೈ ಎಸೆಯುವ ಮುಂಚೆ ಹಿಂದಕ್ಕೆ ಬಾಗಬೇಕು, ನಮ್ಮ ನಿಮ್ಮ ಕೈ ಯಾವತ್ತೂ ಬಾಗದಷ್ಟು. ಅದು ಮಾತ್ರ ಆಗುತ್ತಿರಲಿಲ್ಲ. ಸ್ಕೂಲಿನ ಕೋನಮಾಪಕದ ಹಾಗೆ ನಮ್ಮಲ್ಲೊಂದು ಅಳತೆಪಟ್ಟಿ ಇರುತ್ತದೆ. ಪ್ರತಿ ಸೋಮವಾರ ಅಳೆಯುತ್ತಿದ್ದೆ. ಬೇಕಾದದ್ದಕ್ಕಿಂತ ಇಪ್ಪತ್ತು ಡಿಗ್ರಿ ಕಡಿಮೆ. ಮುಂದಿನ ಸೋಮವಾರವೂ ಇಪ್ಪತ್ತು. ಅದರ ಮುಂದಿನ ಸೋಮವಾರ ಹದಿನೆಂಟು. ಆಮೇಲೆ ಮತ್ತೆ ಇಪ್ಪತ್ತು. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಲೈಬ್ರರಿಗೆ ಹೋಗಿ ಓದಿದೆ. ಕ್ಲಿನಿಕ್ಕಿನ ಹಿರಿಯರನ್ನು ಕೇಳಿದೆ. ಅವರು ಒಂದು ಸಲ ಕೈ ಹಿಡಿದು ನೋಡಿ, ಹೊಲಿಗೆ ಹಾಕಿದ ಜಾಗ ಇಷ್ಟೇ ಬಿಡುವುದು, ಇದರ ಮೇಲೆ ಎಳೆದರೆ ಹರಿಯುತ್ತದೆ ಅಂದರು.

ಜನವರಿಯಲ್ಲಿ ತಂಡದ ಡಾಕ್ಟರಿಂದ ಒಂದು ಫಾರಂ ಬಂತು. ಫೆಬ್ರವರಿಯಲ್ಲಿ ಫ್ಲೋರಿಡಾದಲ್ಲಿ ಅಭ್ಯಾಸ ಶುರು. ಅಲ್ಲಿಗೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದಕ್ಕೆ. ಅದರಲ್ಲಿ ಡಿಗ್ರಿ ಬರೆಯುವ ಚೌಕಗಳು, ಕೆಳಗೆ ಷರಾ ಬರೆಯಲು ಮೂರು ಗೆರೆ.

ಅವರು ಆ ದಿನ ವ್ಯಾಯಾಮ ಮುಗಿಸಿ, ಅಂಗಿ ಹಾಕಿಕೊಂಡು, ಹೋಗದೆ ನಿಂತರು.

"ಹತ್ತು ಡಿಗ್ರಿ ಜಾಸ್ತಿ ಬರೀತೀರಾ?" ಎಂದು ಕೇಳಿದರು. ದನಿಯಲ್ಲಿ ಬೇಡುವುದೇನೂ ಇರಲಿಲ್ಲ. ಪೋಸ್ಟಾಫೀಸಿನಲ್ಲಿ ಸ್ಟಾಂಪು ಕೇಳುವ ಹಾಗೆ ಕೇಳಿದರು.

"ಆಗಲ್ಲ," ಅಂದೆ.

"ಗೊತ್ತಿತ್ತು. ಕೇಳದೇ ಇದ್ರೆ ಆಮೇಲೆ ಕೇಳಬೇಕಿತ್ತು ಅನ್ಸುತ್ತೆ, ಅದಕ್ಕೇ," ಎಂದು ಹೇಳಿ ಹೋದರು.

ಚೌಕದಲ್ಲಿ ಸರಿಯಾದ ಡಿಗ್ರಿಯನ್ನೇ ಬರೆದೆ. ಆಮೇಲೆ ಷರಾದ ಜಾಗದಲ್ಲಿ ಪೆನ್ನು ಇಟ್ಟುಕೊಂಡು ಬಹಳ ಹೊತ್ತು ಕೂತೆ. ಕೊನೆಗೆ, ಪೇಷೆಂಟಿನ ಶ್ರದ್ಧೆ ನೋಡಿದರೆ ಅಭ್ಯಾಸ ಮುಂದುವರಿದ ಹಾಗೆ ಚಲನೆ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ ಎಂದು ಒಂದು ಸಾಲು ಬರೆದೆ. ನನಗೆ ಆ ನಂಬಿಕೆ ಇರಲಿಲ್ಲ. ಯಾಕೆ ಬರೆದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕರುಣೆಯಿಂದ ಬರೆದೆ ಎಂದು ಇವರ ಹತ್ತಿರ ಹೇಳಿದೆ. ನಿಜ ಹೇಳಬೇಕೆಂದರೆ, ಡಿಗ್ರಿಯಲ್ಲಿ ಸುಳ್ಳು ಹೇಳಿದ್ದರೆ ಇನ್ನೊಬ್ಬರು ಅಳೆದು ಹಿಡಿದು ನನ್ನ ಲೈಸೆನ್ಸಿಗೆ ಕೈ ಹಾಕಬಹುದಿತ್ತು. ಸಾಧ್ಯತೆ ಚೆನ್ನಾಗಿದೆ ಅನ್ನುವುದನ್ನು ಯಾರೂ ಅಳೆಯಲಾರರು. ಯಾವ ಸುಳ್ಳಿನಲ್ಲಿ ಸಿಕ್ಕಿಬೀಳುವುದಿಲ್ಲವೋ ಆ ಸುಳ್ಳನ್ನು ಹೇಳಿದ್ದೆ.

ಅವರಿಗೆ ಕರೆ ಬಂತು. ಹೋಗುವ ಮುಂಚೆ ಕ್ಲಿನಿಕ್ಕಿಗೆ ಬಂದು ಎಲ್ಲರ ಕೈ ಕುಲುಕಿದರು. ಅತ್ತೆ ಆ ವಾರವೇ ಊರಿಗೆ ವಾಪಸು ಹೊರಟಿದ್ದರು. ಅವನ ಕೈ ಸರಿಹೋಯಿತು ಎಂಬ ಸಮಾಧಾನದಲ್ಲೇ ವಿಮಾನ ಹತ್ತಿದರು.

ಮಾರ್ಚ್ ಮುಗಿಯುವ ಮೊದಲೇ ಅವರು ಮತ್ತೆ ಬಂದರು. ಜೋಲಿ ಇರಲಿಲ್ಲ. ಎಡಗೈ ಪಕ್ಕದಲ್ಲಿ ಸುಮ್ಮನೆ ತೂಗುಬಿದ್ದಿತ್ತು. ಮೊದಲ ಎರಡು ವಾರ ಚೆನ್ನಾಗಿಯೇ ಎಸೆದಿದ್ದರಂತೆ. ಮೂರನೇ ವಾರ ಒಂದು ಅಭ್ಯಾಸದ ಪಂದ್ಯದಲ್ಲಿ, ಎರಡನೇ ಬ್ಯಾಟ್ಸ್‌ಮನ್‌ಗೆ ಎಸೆದ ಮೂರನೇ ಚೆಂಡಿಗೆ ಭುಜದೊಳಗೆ ಬಟ್ಟೆ ಹರಿದ ಹಾಗಾಯಿತಂತೆ. ಚೆಂಡು ಬ್ಯಾಟ್ಸ್‌ಮನ್‌ವರೆಗೂ ಹೋಗಲಿಲ್ಲ. ತಂಡದವರು ಮರುದಿನವೇ ಬಿಟ್ಟುಬಿಟ್ಟರು. ಸರ್ಜನ್ ಇನ್ನೊಂದು ಆಪರೇಷನ್ ಮಾಡಬಹುದು, ಆದರೆ ಅದು ಶೆಲ್ಫಿನಿಂದ ಲೋಟ ತೆಗೆಯುವುದಕ್ಕೆ, ಆಡುವುದಕ್ಕಲ್ಲ ಅಂದಿದ್ದರು.

ನಾನು ಅಳೆಯಲು ಪಟ್ಟಿ ತೆಗೆದೆ. ಅಳೆಯಲು ಏನೂ ಇರಲಿಲ್ಲ. ಕೈ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅವರ ತುಟಿ ಬಿಳಚಿಕೊಂಡಿತು. ಪಟ್ಟಿ ಕೆಳಗಿಟ್ಟು, ನಾನು ಷರಾದಲ್ಲಿ ಬರೆದ ಸಾಲಿನ ವಿಷಯ ಹೇಳಿದೆ. ಹೇಳುವಾಗ ನನ್ನ ಇಂಗ್ಲಿಷು ತೊದಲಿತು.

"ಆ ಸಾಲು ಗೊತ್ತು. ಡಾಕ್ಟರ್ ನನಗೆ ಓದಿ ಹೇಳಿದ್ರು," ಅಂದರು. ಕೆಳಗಿಳಿದ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, "ನೀವು ಸುಳ್ಳು ಬರೆಯೋದಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ಹತ್ತು ಡಿಗ್ರಿ ಕೇಳಿದಾಗ್ಲೂ ಬರೀಲಿಲ್ಲ. ಅದಕ್ಕೇ ಆ ಸಾಲನ್ನ ನಂಬಿದೆ," ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಆ ಸಾಲು ಇಲ್ಲದಿದ್ದರೂ ಎಲ್ಲಾದರೂ ಹೋಗಿ ಎಸೆಯುತ್ತಿದ್ದೆ, ಅದು ಹರಿಯುವುದು ಹರಿಯುತ್ತಿತ್ತು ಎಂದು ಅವರೇ ನನಗೆ ಸಮಾಧಾನ ಹೇಳಿದರು. ಅದು ನಿಜವೂ ಇರಬಹುದು. ಎರಡನೇ ಆಪರೇಷನ್ನಿಗೆ ಅವರು ಒಪ್ಪಲಿಲ್ಲ. ಕೆಲವು ವಾರ ಬಂದು, ಊಟ ಮಾಡಲು, ಸ್ಟಿಯರಿಂಗ್ ಹಿಡಿಯಲು ಬೇಕಾದಷ್ಟು ಬಲ ಬಂದ ಮೇಲೆ ನಿಲ್ಲಿಸಿದರು.

ಎರಡು ವರ್ಷ ಸುದ್ದಿಯಿರಲಿಲ್ಲ. ಆಮೇಲೊಂದು ದಿನ ಕ್ಲಿನಿಕ್ಕಿಗೆ ಫೋನು ಮಾಡಿದರು. ಮಾರ್ಗನ್ ಹಿಲ್‌ನಲ್ಲಿ ಮನೆ ಮಾಡಿದ್ದೇನೆ, ಒಂದು ಚಿಕ್ಕ ಕಾಲೇಜಿನ ತಂಡದಲ್ಲಿ ಪಿಚರ್‌ಗಳಿಗೆ ಕೋಚ್ ಆಗಿದ್ದೇನೆ ಅಂದರು. ತಂಡದಲ್ಲಿ ಒಂಬತ್ತು ಜನ ಪಿಚರ್‌ಗಳು. ಸೀಸನ್ ಶುರುವಾಗುವ ಮೊದಲು ಅವರ ಭುಜಗಳನ್ನು ಒಂದು ಸಲ ನೋಡಿ ಹೋಗುತ್ತೀರಾ ಎಂದು ಕೇಳಿದರು. ನನ್ನನ್ನೇ ಯಾಕೆ ಕೇಳುತ್ತಿದ್ದೀರಿ ಎಂದು ಬಾಯಿಗೆ ಬಂತು, ಕೇಳಲಿಲ್ಲ. ಒಂದು ಶನಿವಾರ ಇವರು ಕಾರಿನಲ್ಲಿ ಕರೆದುಕೊಂಡು ಹೋದರು.

ಅವರನ್ನು ಮೈದಾನದಲ್ಲಿ ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ದಪ್ಪಗಾಗಿದ್ದರು. ಎಸೆಯುವುದು ಹೇಗೆಂದು ತೋರಿಸಲು ಎಡಗೈ ಏಳದು, ಬಲಗೈಯಲ್ಲಿ ತೋರಿಸುತ್ತಿದ್ದರು. ಅದು ಅಭ್ಯಾಸವಿಲ್ಲದ ಕೈ. ಚೆಂಡು ಎಲ್ಲೋ ಹೋಗಿ ಬೀಳುತ್ತಿತ್ತು, ವಿದ್ಯಾರ್ಥಿಗಳು ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದರು. ಅವರೂ ನಗುತ್ತಿದ್ದರು. ಆದರೆ ಒಬ್ಬನ ಕಾಲು ಎರಡು ಅಂಗುಲ ಆಚೆ ಬಿದ್ದರೆ ದೂರದಿಂದಲೇ ಹಿಡಿಯುತ್ತಿದ್ದರು. ಮೊಣಕೈ ಇಳಿಯಿತು ಎಂದು ಅವರು ಹೇಳಿದ ಮೇಲೆ ನೋಡಿದರೆ ನನಗೂ ಕಾಣುತ್ತಿತ್ತು. ಇವರು ಕಾಲೇಜಿನಲ್ಲಿ ಕ್ರಿಕೆಟ್ ಆಡಿದವರು. ಇಂಥ ಒಬ್ಬರು ನಮಗೆ ಇದ್ದಿದ್ದರೆ ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಹೇಳುತ್ತಿದ್ದರು.

ಎಂಟು ಭುಜಗಳು ಚೆನ್ನಾಗಿದ್ದವು. ಒಂಬತ್ತನೆಯದು ತಂಡದ ಅತ್ಯಂತ ಒಳ್ಳೆಯ ಪಿಚರ್‌ನದು. ಹತ್ತೊಂಬತ್ತು ವರ್ಷ, ಅವನೂ ಎಡಗೈಯವನೇ. ಕೈಯನ್ನು ಒಂದು ಮಟ್ಟಕ್ಕೆ ಎತ್ತಿ ತಿರುಗಿಸಿದಾಗ ಅವನು ಉಸಿರು ಹಿಡಿದ. ನೋವಾಯಿತೇ ಅಂದರೆ ಇಲ್ಲ ಅಂದ. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಉಸಿರು ಹಿಡಿದು, ಇಲ್ಲ ಅಂದ.

ಮುಖ್ಯ ಕೋಚ್ ಬೇರೊಬ್ಬರಿದ್ದರು. ಯಾರು ಆಡಬೇಕು ಎಂದು ಹೇಳುವವರು ಅವರು. ನಾನು ವರದಿ ಬರೆದೆ: ಆರು ವಾರ ಎಸೆಯುವಂತಿಲ್ಲ, ಎಸೆದರೆ ಸ್ನಾಯು ಹರಿಯುವ ಅಪಾಯವಿದೆ. ಮುಂದೆ ಇನ್ನೇನೂ ಸೇರಿಸಲಿಲ್ಲ. ಮುಖ್ಯ ಕೋಚ್ ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ, ಕಾಗದವನ್ನು ನಾಲ್ಕಾಗಿ ಮಡಿಸಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡರು. ಹುಡುಗನನ್ನು ಎರಡು ವಾರ ಆಡಿಸಲಿಲ್ಲ. ಆಮೇಲೆ ತಂಡ ಎರಡು ಪಂದ್ಯ ಸೋತಿತು. ಹುಡುಗ ತನ್ನ ಊರಿನ ಇನ್ಯಾವುದೋ ಡಾಕ್ಟರ ಹತ್ತಿರ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದು, ನೋವಿಲ್ಲ ಅಂದ. ಇದನ್ನೆಲ್ಲ ನನ್ನ ಹಳೇ ಪೇಷೆಂಟೇ ಫೋನಿನಲ್ಲಿ ಹೇಳಿ, ಶನಿವಾರ ಮಧ್ಯಾಹ್ನ ಪಂದ್ಯವಿದೆ, ಬನ್ನಿ ಅಂದರು. ನಾನು ಬಂದು ಏನು ಮಾಡಲಿ ಎಂದು ಕೇಳಿದೆ. ಏನೂ ಇಲ್ಲ, ಆದರೂ ಬನ್ನಿ ಅಂದರು.

ಬಿಸಿಲು ಚುರುಗುಟ್ಟುತ್ತಿತ್ತು. ನೋಡುವವರು ಕೂರುವ ಮರದ ಮೆಟ್ಟಿಲುಗಳ ಮೇಲೆ ನಾನೂ ಇವರೂ ಕೂತೆವು. ಹುಡುಗ ಮೊದಲಿನಿಂದಲೇ ಎಸೆದ. ಚೆನ್ನಾಗಿ ಎಸೆದ, ಯಾರಿಗೂ ಮುಟ್ಟಲಾಗಲಿಲ್ಲ. ಒಂಬತ್ತು ಇನ್ನಿಂಗ್ಸಿನ ಆ ಆಟದ ಆರನೆಯದರಲ್ಲಿ ಅವನು ಚೆಂಡೆಸೆದ ಮೇಲೆ ಕೈಯನ್ನು ಪಕ್ಕಕ್ಕೆ ಬಿಟ್ಟು ಬೆರಳು ಒದರುವುದು ನನಗೆ ಕಂಡಿತು. ಅದೇ ಹೊತ್ತಿಗೆ ಅವರು ಬೆಂಚಿನಿಂದ ಎದ್ದು ಮುಖ್ಯ ಕೋಚಿಗೆ ಏನೋ ಹೇಳಿದರು. ಮುಖ್ಯ ಕೋಚ್ ಆಗದೆಂದು ತಲೆಯಲ್ಲಾಡಿಸಿ, ಬೇಕಾದರೆ ಹೋಗಿ ಮಾತಾಡು ಅನ್ನುವಂತೆ ಕೈ ತೋರಿಸಿದರು. ಅವರು ನಡೆದು ನಡುವಿನ ಮಣ್ಣಿನ ದಿಬ್ಬಕ್ಕೆ ಹೋದರು. ಹುಡುಗನ ಎದುರು ನಿಂತು ಏನೋ ಕೇಳಿದರು. ಹುಡುಗ ಇಲ್ಲವೆಂದು ತಲೆಯಾಡಿಸಿದ. ಮತ್ತೇನೋ ಕೇಳಿದರು. ಮತ್ತೆ ತಲೆಯಾಡಿಸಿದ. ಅವರು ಅಲ್ಲೇ ನಿಂತೇ ಇದ್ದರು. ಅಂಪೈರ್ ಹತ್ತಿರ ಬಂದು ಸಾಕು ಅಂದ ಮೇಲೆ, ಹುಡುಗನ ಬೆನ್ನು ತಟ್ಟಿ ಹಿಂತಿರುಗಿದರು. ಚೆಂಡನ್ನು ಕಿತ್ತುಕೊಳ್ಳುವ ಅಧಿಕಾರ ಅವರಿಗಿರಲಿಲ್ಲ. ನನಗಂತೂ ಆ ಬೇಲಿ ದಾಟುವ ಅಧಿಕಾರವೂ ಇರಲಿಲ್ಲ.

ಹುಡುಗ ಕೊನೆಯವರೆಗೂ ಎಸೆದು ಗೆದ್ದ. ಎಲ್ಲರೂ ಓಡಿಹೋಗಿ ಅವನನ್ನು ಎತ್ತಿಕೊಂಡರು.

ಆಮೇಲೆ ಅವರು ಮೆಟ್ಟಿಲ ಹತ್ತಿರ ಬಂದಾಗ, ಏನು ಕೇಳಿದಿರಿ ಅಂದೆ.

"ನೋವಿದೆಯಾ ಅಂತ. ಇಲ್ಲ ಅಂದ. ನಾನು ಹದಿನೈದು ವರ್ಷ ಅದನ್ನೇ ಹೇಳಿದವನು. ಅವನ ಬಾಯಿಂದ ಬರೋ ಮುಂಚೆ ಗೊತ್ತಿತ್ತು." ಬೆಂಚಿನ ಕಡೆ ನೋಡಿದರು. "ನಾನು ಕೆಲಸ ಬಿಟ್ರೆ, ಹೋಗಿ ಕೇಳೋರೂ ಇರಲ್ಲ. ಕೇಳಿದ್ರೂ ಏನೂ ಆಗಲ್ಲ."

ಆ ಬೇಸಿಗೆಯಲ್ಲಿ ಹುಡುಗನನ್ನು ದೊಡ್ಡ ಲೀಗಿನ ಒಂದು ತಂಡ ತೆಗೆದುಕೊಂಡಿತು. ಕಾಲೇಜಿನಲ್ಲಿ ಸಿಹಿ ಹಂಚಿದರಂತೆ. ಮುಂದಿನ ವರ್ಷ ಅವನು ಎಲ್ಲೋ ಟೆಕ್ಸಸ್ಸಿನ ಸಣ್ಣ ಊರಿನಿಂದ ತನ್ನ ಹಳೇ ಕೋಚಿಗೆ ಫೋನು ಮಾಡಿ, ಭುಜ ಹೋಯಿತು ಅಂದನಂತೆ. ಫೋನಿನಲ್ಲಿ ಅರ್ಧ ಗಂಟೆ ಅತ್ತನಂತೆ. ಅವರು ಏನು ಹೇಳಿದರೋ ನಾನು ಕೇಳಲಿಲ್ಲ.

ಅವರು ಮೊದಲ ಸಲ ಜೋಲಿ ಹಾಕಿಕೊಂಡು ಬಂದು ಹತ್ತು ವರ್ಷವಾಗುತ್ತಾ ಬಂದಿತ್ತು. ಅವರಿಗೆ ಪ್ರೊಫೆಷನಲ್ ತಂಡವೊಂದರಲ್ಲೇ ಕೋಚ್ ಕೆಲಸ ಸಿಕ್ಕಿತು. ಸಣ್ಣ ಲೀಗು, ದೂರದ ಊರು, ಅದೇ ಬಸ್ಸುಗಳು. ಹೋಗುವ ಮುಂಚೆ ಒಂದು ತಿಂಗಳು ಮತ್ತೆ ನನ್ನ ಹತ್ತಿರ ಬಂದರು. ಈಗ ಕೀಲು ಸವೆದು ಹೋಗಿತ್ತು. ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಬಿಸಿ ಪ್ಯಾಕು ಇಟ್ಟೆ, ಮೆಲ್ಲಗೆ ತಿಕ್ಕಿದೆ, ಕೈಯನ್ನು ಎಷ್ಟು ಬರುತ್ತದೋ ಅಷ್ಟು ಆಡಿಸಿದೆ. ಇದರಿಂದ ಗುಣವಾಗುವುದಿಲ್ಲ, ಎರಡು ದಿನ ನೋವು ಕಡಿಮೆ ಇರುತ್ತದೆ ಅಷ್ಟೇ ಎಂದು ಈ ಸಲ ಮೊದಲೇ ಹೇಳಿದೆ. ಎರಡು ದಿನ ಸಾಕು ಅಂದರು.

ಕೊನೆಯ ದಿನ ಜಾಕೆಟ್ ಹಾಕಿಕೊಳ್ಳಲು ಕಷ್ಟಪಡುತ್ತಿದ್ದರು. ಇಷ್ಟು ವರ್ಷ ಬಲಗೈಯನ್ನು ಮೊದಲು ತೂರಿಸಿ, ಆಮೇಲೆ ಎಡಗೈಯನ್ನು ಹಿಂದಕ್ಕೆ ತಿರುಚಿ ಹಾಕಿಕೊಳ್ಳುತ್ತಿದ್ದರೆಂದು ಆಗ ಗೊತ್ತಾಯಿತು. ನೋವಿರುವ ಕೈಯನ್ನು ಮೊದಲು ಹಾಕಿ, ಆಮೇಲೆ ಇನ್ನೊಂದು ಎಂದು ಹೇಳಿಕೊಟ್ಟೆ. ಇದನ್ನು ಯಾರೂ ಹೇಳಿಯೇ ಇರಲಿಲ್ಲವಲ್ಲ ಅಂದರು. ಹೇಳಬೇಕಾಗಿದ್ದವಳು ನಾನೇ. ಎರಡು ಮೂರು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿಸಿದೆ. ಮೂರನೇ ಸಲ ಸಲೀಸಾಗಿ ಬಂತು. ಜಿಪ್ಪು ಎಳೆದುಕೊಂಡು, ಹೊರಗೆ ನನ್ನ ಮುಂದಿನ ಪೇಷೆಂಟು ಕಾಯುತ್ತಿದ್ದಾರೆಂದು ಹೇಳಿ, ಅವರಿಗೆ ಬಾಗಿಲು ಹಿಡಿದುಕೊಟ್ಟು ಹೋದರು.